ಅಪ್ಪನ ಮೀನಿನ ತೊಟ್ಟಿ, ಮಗನ ಹೊಲದ ಮಣ್ಣು

ಹೊಸ ಗಾಜಿನ ತೊಟ್ಟಿ ತಂದು, ನೀರು ತುಂಬಿ, ಅದೇ ದಿನ ಮೀನು ಬಿಟ್ಟೆವು. ವಾರದೊಳಗೆ ಒಂದೊಂದೇ ಹೊಟ್ಟೆ ಮೇಲಾಗಿ ತೇಲಿದವು. ನೀರು ಮಾತ್ರ ತಿಳಿಯಾಗಿಯೇ ಇತ್ತು. ಯಾರದೋ ಕಣ್ಣು ಬಿತ್ತು ಅಂದರು ಅಜ್ಜಿ. ಕೊಂದದ್ದು ಅಮೋನಿಯಾ. ಬೆಳಗ್ಗೆ ಕೊಟ್ಟಿಗೆ ಬಾಗಿಲು ತೆಗೆದಾಗ ಮೂಗಿಗೆ ಹೊಡೆಯುವ ಗಂಜಳದ ಘಾಟು ಇದೆಯಲ್ಲ, ಅದೇ. ಮೀನು ಅದನ್ನು ಹೆಚ್ಚಾಗಿ ಕಿವಿರುಗಳಿಂದ ನೀರಿಗೆ ಬಿಡುತ್ತದೆ. ಉಳಿದ ಮೇವು ಕೊಳೆತರೂ ಅದೇ ಹುಟ್ಟುತ್ತದೆ.

ಈ ಗುಟ್ಟು ಬಿಡಿಸಿದ ಕಥೆಯಲ್ಲಿ ಇಂಗ್ಲೆಂಡಿನ ಒಬ್ಬ ಅಪ್ಪ, ಅವನ ಮಗ ಇಬ್ಬರೂ ಬರುತ್ತಾರೆ. ಇಬ್ಬರ ಹೆಸರೂ ರಾಬರ್ಟ್ ವಾರಿಂಗ್ಟನ್!

ಅಪ್ಪ ಲಂಡನ್ನಿನಲ್ಲಿ ರಸಾಯನಶಾಸ್ತ್ರಜ್ಞ. ದೊಡ್ಡ ಗಾಜಿನ ಪಾತ್ರೆಗೆ ಮರಳು, ಕೆಸರು ಹಾಕಿ, ಅರ್ಧ ನೀರು ತುಂಬಿ, ಎರಡು ಗೋಲ್ಡ್‌ಫಿಶ್ ಬಿಟ್ಟ. ಜೊತೆಗೆ ವ್ಯಾಲಿಸ್ನೇರಿಯಾ ಎಂಬ ನೀರುಗಿಡ ನೆಟ್ಟ. ಎಲೆ ಕೊಳೆತು ನೀರು ಕೆಟ್ಟಾಗ ಬಸವನಹುಳು ತಂದು ಹಾಕಿದ. ಅವು ಕೊಳೆತದ್ದನ್ನು ಮೇಯ್ದವು, ನೀರು ತಿಳಿಯಾಯಿತು. 1850ರಲ್ಲಿ ಇದನ್ನು ಪ್ರಕಟಿಸಿದ. ಮೀನಿಗೆ ಗಿಡದ ಆಮ್ಲಜನಕ, ಗಿಡಕ್ಕೆ ಮೀನಿನ ಹೊಲಸು, ಲೆಕ್ಕ ಸರಿಹೋಯಿತು ಅಂದುಕೊಂಡ. ಆ ಕೆಸರಿನಲ್ಲೇ ಕಣ್ಣಿಗೆ ಕಾಣದ ಕೆಲಸಗಾರರಿದ್ದರು. ಅದು ತಿಳಿಯುವ ಮೊದಲೇ, 1867ರಲ್ಲಿ ತೀರಿಕೊಂಡ.

ಹತ್ತು ವರ್ಷದ ಮೇಲೆ, 1877ರಲ್ಲಿ, ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಮರಳು, ಸುಣ್ಣಕಲ್ಲು ತುಂಬಿದ ಕೊಳವೆಯಲ್ಲಿ ಚರಂಡಿ ನೀರನ್ನು ನಿಧಾನವಾಗಿ ಇಳಿಸಿದರು. ಸುಮಾರು 20 ದಿನ ಅಮೋನಿಯಾ ಹಾಗೇ ಹೊರಬಂತು. ಆಮೇಲೆ ನೈಟ್ರೇಟ್ ಆಗತೊಡಗಿತು. ಕ್ಲೋರೋಫಾರ್ಮ್ ಆವಿ ಹಾಯಿಸಿದರೆ ಕೆಲಸ ನಿಂತಿತು. ಅಂದಮೇಲೆ ಇದು ಜೀವಿಗಳದ್ದೇ ಕೆಲಸ. ನಾವು ನಮ್ಮ ತೊಟ್ಟಿಗೆ ಆ 20 ದಿನ ಕೊಟ್ಟಿರಲಿಲ್ಲ.

ಮಗ ವಾರಿಂಗ್ಟನ್ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇದನ್ನು ಮುಂದುವರಿಸಿದ. ಅವನಿಗೆ ಮೀನಿನ ಚಿಂತೆ ಇರಲಿಲ್ಲ, ಹೊಲದ ಮಣ್ಣಿನದು. ಕೆಲಸ ಎರಡು ಹಂತದ್ದೆಂದು ತೋರಿಸಿದ: ಒಂದು ಬಗೆಯ ಜೀವಿ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೈಟ್ ಕೂಡ ಮೀನಿಗೆ ವಿಷವೇ. ನೈಟ್ರೇಟ್ ಅಷ್ಟು ಕೆಡುಕಲ್ಲ. ವರ್ಷಗಟ್ಟಲೆ ಹೆಣಗಿದರೂ ಆ ಜೀವಿಗಳನ್ನು ಬೇರ್ಪಡಿಸಲು ಅವನಿಂದಾಗಲಿಲ್ಲ. 1890ರಲ್ಲಿ ಜ್ಯೂರಿಕ್‌ನಲ್ಲಿದ್ದ ರಷ್ಯಾದ ವಿನೊಗ್ರಾಡ್‌ಸ್ಕಿ ಅದನ್ನು ಸಾಧಿಸಿದ. ಪಾಪ, ಮಗನ ಹೆಸರು ಹಿಂದೆ ಬಿತ್ತು.

ಕೃಷಿಹೊಂಡದಲ್ಲಿ ಕಾಟ್ಲಾ, ರೋಹು ಬಿಟ್ಟವರಿಗೂ ಇದು ಬೇಕಾದ ಮಾತು. ನೀರಿನ ಪಿಎಚ್ 7 ಇದ್ದಾಗ ಅಮೋನಿಯಾದ ನೂರರಲ್ಲಿ ಒಂದು ಪಾಲೂ ವಿಷದ ರೂಪದಲ್ಲಿರುವುದಿಲ್ಲ. 9ಕ್ಕೇರಿದರೆ, ನಮ್ಮ ಬಿಸಿಲಿಗೆ ಕಾದ ನೀರಿನಲ್ಲಿ, ಮೂರನೇ ಒಂದು ಪಾಲಿಗೂ ಹೆಚ್ಚು ವಿಷ. ಪಾಚಿಗಟ್ಟಿದ ಹೊಂಡದಲ್ಲಿ ಪಿಎಚ್ ಏರುವುದು ಮಧ್ಯಾಹ್ನದ ಮೇಲೆಯೇ. ಆ ಹೊತ್ತಿಗೆ ಹಿಂಡಿ ಸುರಿಯಬೇಡಿ. ಇನ್ನು ಗಾಜಿನ ತೊಟ್ಟಿಯ ಮರಳನ್ನು ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿದರೆ ಆ ಕೆಲಸಗಾರರೇ ಸತ್ತುಹೋಗುತ್ತಾರೆ.

ಎರಡು ಹಂತಕ್ಕೆ ಎರಡು ಜೀವಿ ಎಂಬ ಮಾತು ನೂರು ವರ್ಷಕ್ಕೂ ಹೆಚ್ಚು ಕಾಲ ನಿಂತಿತ್ತು. 2015ರಲ್ಲಿ ಎರಡನ್ನೂ ಒಬ್ಬಂಟಿಯಾಗಿ ಮಾಡುವ ಬ್ಯಾಕ್ಟೀರಿಯಾ ಸಿಕ್ಕಿತು. ಅದನ್ನು ಕಂಡ ಜಾಗಗಳಲ್ಲಿ ಒಂದು, ಮೀನು ಸಾಕುವ ತೊಟ್ಟಿಗಳ ನೀರು ಸೋಸುವ ಫಿಲ್ಟರ್.