ಬಿಲದ ಬೇಟೆಯಿಂದ ಜಯನಗರದ ಅಂಗಳಕ್ಕೆ

ನಾಯಿಯ ಛಲಕ್ಕೆ ಕನ್ನಡ ನಾಡು ಸಲ್ಲಿಸಿದ ಗೌರವಕ್ಕೆ ಆತಕೂರಿನ ಶಾಸನಕ್ಕಿಂತ ಹಿರಿದಾದ ಸಾಕ್ಷ್ಯವಿಲ್ಲ. ಕ್ರಿ.ಶ. 950ರ ಸುಮಾರಿನಲ್ಲಿ, ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರನು ಗಂಗರ ಬೂತುಗನಿಂದ ಬೇಡಿ ಪಡೆದ ಮೆಚ್ಚುಗೊಡುಗೆ ಕಾಳಿಯೆಂಬ ಬೇಟೆನಾಯಿ. ಅದು ಹಂದಿಯೊಡನೆ ಸೆಣಸಿ, ಎರಡೂ ಮಡಿಯಲು, ಅದರ ನೆನಪಿಗೆ ಕಲ್ಲು ನಿಂತಿತು, ಭೂದಾನವೂ ಸಂದಿತು. ಆ ಶಿಲೆ ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಟೆರಿಯರ್ ಬೇರೆಯೇ ಕುಲ. ಇಂಗ್ಲೆಂಡಿನಲ್ಲಿ ನರಿಯ ಬಿಲವನ್ನು ಹೊಕ್ಕು, ಒಡೆಯನ ಕಣ್ಣಿಗೂ ಕೂಗಿಗೂ ನಿಲುಕದ ಕತ್ತಲೆಯಲ್ಲಿ ಸ್ವಬುದ್ಧಿಯಿಂದಲೇ ಕಾದಾಡಲೆಂದು ತಲೆತಲಾಂತರವಾಗಿ ಆಯ್ದು ಬೆಳೆಸಿದ ಈ ತಳಿಯು, ನಮ್ಮ ಹಿರಿಯರಿಗೆ ಗ್ರಾಮಫೋನ್ ತಟ್ಟೆಯ ಮೇಲಿನ ಚಿತ್ರದಲ್ಲಿ ಕಿವಿಗೊಟ್ಟು ಕುಳಿತ, ಟೆರಿಯರ್ ರಕ್ತದ ನಿಪ್ಪರ್ ಎಂಬ ನಾಯಿಯ ರೂಪದಲ್ಲಿ ಪರಿಚಿತವಾಯಿತು. ಆ ಚಿತ್ರದ ವಿಧೇಯತೆಯನ್ನು ನಂಬಿ ಮರಿ ತಂದವರು ಚಿತ್ರಕಾರನನ್ನು ದೂರಲಾಗದು!

1948ರಲ್ಲಿ ಶಂಕುಸ್ಥಾಪನೆಗೊಂಡ ಜಯನಗರದ ಅಂಗಳಗಳಲ್ಲಿ ಇಂದಿಗೂ ಆ ಪೂರ್ವಸಂಸ್ಕಾರವೇ ಮೆರೆಯುತ್ತದೆ: ಮರಿ ಕನಕಾಂಬರದ ಬುಡವನ್ನು ಮುಂಗಾಲಿನಿಂದ ಕೆದರಿ, ಮೂಗಿನ ತುಂಬ ಕೆಮ್ಮಣ್ಣು ಮೆತ್ತಿಕೊಂಡು, ಗದರಿದರೆ ಇನ್ನಷ್ಟು ಆಳಕ್ಕೆ ತೋಡುತ್ತದೆ. ಗದರಿಕೆ ಅದಕ್ಕೆ ಆಟ. ಮಣ್ಣು ಬಿಟ್ಟು ಬಂದ ಕ್ಷಣದಲ್ಲೇ ದೊರೆತ ತುತ್ತು ಪಾಠ. ಆದರೆ ಅಜ್ಜಿ ಬೇಡವೆಂದುದನ್ನು ಮೊಮ್ಮಗ ಬಿಸ್ಕತ್ತು ಕೊಟ್ಟು ಮನ್ನಿಸಿದರೆ ಪಾಠ ನಾಟದು. ಕನಕಪುರ ರಸ್ತೆಯ ಕಡೆಯ ತರಳುವಿನಲ್ಲಿ 2011ರಿಂದ ನಡೆಯುತ್ತಿರುವ ಕೇಂದ್ರ ಮೀಸಲು ಪೊಲೀಸ್ ಪಡೆಯ ಶ್ವಾನಶಾಲೆಯಲ್ಲಿ ನಾಯಿಗೆ ನಿಯತನಾದ ಶಿಕ್ಷಕನಿರುತ್ತಾನೆ. ಮನೆಯಲ್ಲಿ ಅಂಥ ಏರ್ಪಾಡು ಅಸಾಧ್ಯವಾದುದರಿಂದ, ಮರಿಯನ್ನು ತರುವ ಮೊದಲೇ ಮನೆಮಂದಿಯೆಲ್ಲ ಕುಳಿತು ಆಜ್ಞೆಯ ಮಾತುಗಳನ್ನು ನಿಶ್ಚಯಿಸಿಕೊಳ್ಳತಕ್ಕದ್ದು.