ಮನೆಯೊಳಗಿನ ಗಾಳಿಯ ದಾರಿ

ಜಯನಗರದಲ್ಲಿ ನಮ್ಮ ತಂದೆಯವರು 1964ರಲ್ಲಿ ಕಟ್ಟಿಸಿದ ಮನೆಯ ಪ್ರತಿಯೊಂದು ಕೋಣೆಯಲ್ಲಿಯೂ, ಸೂರಿನಿಂದ ಒಂದು ಗೇಣು ಕೆಳಗೆ, ಒಂದು ಸಣ್ಣ ಕಿಂಡಿ ಉಂಟು. ನಡುವಿನ ಕೀಲಿನ ಮೇಲೆ ತಿರುಗುವ ಗಾಜಿನ ಬಾಗಿಲು. ಅದನ್ನು ತೆರೆದು ಮುಚ್ಚಲು ಇಳಿಬಿಟ್ಟ ಎರಡು ಹುರಿ. ಮನೆಯಲ್ಲಿ ಎಲ್ಲರೂ ಅದನ್ನು ವೆಂಟಿಲೇಟರ್ ಎನ್ನುತ್ತಿದ್ದರು. ಹಳ್ಳಿಯಿಂದ ಬಂದಿದ್ದ ಅಜ್ಜಿಗೆ ಮಾತ್ರ ಅದು ಬೆಳಕಿಂಡಿ. ಸಂಸ್ಕೃತದವರು ಇಂಥದನ್ನು ಗವಾಕ್ಷವೆಂದು, ಹಸುವಿನ ಕಣ್ಣೆಂದು, ಕರೆದರು. ಇಂಗ್ಲಿಷ್ ಶಬ್ದದ ಬೇರು ಲ್ಯಾಟಿನ್ ಭಾಷೆಯ ಗಾಳಿಯಲ್ಲಿದೆ. ಒಬ್ಬರಿಗೆ ಬೆಳಕು ಕಂಡಿತು, ಒಬ್ಬರಿಗೆ ಕಣ್ಣು, ಇನ್ನೊಬ್ಬರಿಗೆ ಗಾಳಿ. ಕನ್ನಡ ಪಾಠ ಹೇಳಿ ಬದುಕಿದವನಾದುದರಿಂದ ನಾನು ಈ ಹೆಸರುಗಳ ಬಗ್ಗೆ ಬಹಳ ವರ್ಷ ಯೋಚಿಸಿದ್ದೇನೆ. ಕಿಂಡಿ ಮಾಡುವ ಕೆಲಸದ ಬಗ್ಗೆ ಯೋಚಿಸಿದವನಲ್ಲ. ಅದಕ್ಕೆ ತೆರಬೇಕಾಗಿ ಬಂದ ಬೆಲೆಯನ್ನು ಮುಂದೆ ಹೇಳುತ್ತೇನೆ. ಮೊದಲು ಆ ಕಿಂಡಿ ನಮ್ಮ ಊರಿನ ಮನೆಗಳಿಗೆ ಹೇಗೆ ಬಂತೆಂಬುದನ್ನು ನೋಡೋಣ.

1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಬೀದಿಗಳಲ್ಲಿ ಮನೆಗೆ ಮನೆ ಅಂಟಿಕೊಂಡಿತ್ತು. ತೊಟ್ಟಿ ಇದ್ದ ಅನುಕೂಲಸ್ಥರ ಮನೆಗೆ ಆಕಾಶದಿಂದ ಗಾಳಿ ಇಳಿಯುತ್ತಿತ್ತು, ಉಳಿದವರ ಒಳಕೋಣೆಗಳಿಗೆ ಹಗಲಲ್ಲೂ ದೀಪ ಬೇಕಿತ್ತು. ರೋಗಕ್ಕೆ ಕತ್ತಲೆಯೂ ಉಸಿರುಗಟ್ಟಿದ ಗಾಳಿಯೂ ಕಾರಣವೆಂದು ಆಗಿನ ಅಧಿಕಾರಿಗಳು ಬಲವಾಗಿ ನಂಬಿದ್ದರು. ಇಲಿಯ ಮೈಮೇಲಿನ ಚಿಗಟವೇ ಪ್ಲೇಗನ್ನು ಹರಡುತ್ತದೆಂದು ಫ್ರಾನ್ಸಿನ ವೈದ್ಯ ಸಿಮೊಂಡ್ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದು ಅದೇ 1898ರಲ್ಲಿ. ಆ ಮಾತನ್ನು ಲೋಕ ಒಪ್ಪಲು ಕೆಲವು ವರ್ಷಗಳೇ ಹಿಡಿದವು. ಅಷ್ಟರಲ್ಲಿ ಉತ್ತರಕ್ಕೆ ಮಲ್ಲೇಶ್ವರ, ದಕ್ಷಿಣಕ್ಕೆ ಬಸವನಗುಡಿ ಬಡಾವಣೆಗಳು ರೂಪುಗೊಂಡಿದ್ದವು. ಅಗಲವಾದ ರಸ್ತೆ, ಹಿತ್ತಲ ಹಿಂದೆ ಓಣಿ, ಮನೆಯ ಸುತ್ತ ತೆರಪು, ಎತ್ತರದ ಸೂರು, ಸೂರಿನ ಕೆಳಗೆ ಕಿಂಡಿ. ರೋಗದ ಕಾರಣವನ್ನು ತಪ್ಪಾಗಿ ತಿಳಿದವರು ವಾಸಕ್ಕೆ ಯೋಗ್ಯವಾದ ಮನೆಯನ್ನು ಸರಿಯಾಗಿಯೇ ಕಟ್ಟಿಸಿದರು.

ಆ ಪದ್ಧತಿಯೇ ಮತ್ತಷ್ಟು ದಕ್ಷಿಣಕ್ಕೆ ಬಂತು. 1945ರಲ್ಲಿ ನಗರಾಭಿವೃದ್ಧಿಗೆಂದು ಒಂದು ಟ್ರಸ್ಟ್ ಬೋರ್ಡು ಏರ್ಪಟ್ಟಿತು. 1948ರಲ್ಲಿ ರಾಜಾಜಿಯವರ ಕೈಯಿಂದ ಅಶೋಕಸ್ತಂಭದ ಬಳಿ ಜಯನಗರಕ್ಕೆ ಪ್ರಾರಂಭವಾಯಿತು. ಬಳಿಕ ಬನಶಂಕರಿ, ಜಯಪ್ರಕಾಶ ನಾರಾಯಣರ ಹೆಸರು ಹೊತ್ತ ಜೆ.ಪಿ. ನಗರ, ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲಕ್ಷರಗಳಾಗಿ ಕುಗ್ಗಿದ ಬಿ.ಟಿ.ಎಂ. ಬಸವನಗುಡಿಯ ಹಳೆಯ ಮನೆಗಳ ಮೇಲಿದ್ದ ಮದರಾಸು ತಾರಸಿ, ಮಂಗಳೂರು ಹೆಂಚುಗಳ ಸ್ಥಾನಕ್ಕೆ ಕಾಂಕ್ರೀಟು ಬಂತು, ಸೂರು ಮೆಲ್ಲಮೆಲ್ಲನೆ ಕೆಳಗಿಳಿಯಿತು. ಆದರೂ ಕಿಂಡಿ ಬಹುಕಾಲ ಉಳಿಯಿತು.

ಅದರ ವ್ಯವಹಾರ ಬಹಳ ಸರಳ. ಬಿಸಿಯಾದ ಗಾಳಿ ಹಗುರ, ಮೇಲಕ್ಕೇರುತ್ತದೆ. ಮೇಲೆ ದಾರಿಯಿದ್ದರೆ ಹೊರಟುಹೋಗುತ್ತದೆ, ಕೆಳಗಿನ ಕಿಟಕಿಯಿಂದ ತಂಪಾದ ಗಾಳಿ ಅದರ ಜಾಗಕ್ಕೆ ಬರುತ್ತದೆ. ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದ ಈ ಊರಿನಲ್ಲಿ ಏಪ್ರಿಲ್ ತಿಂಗಳಲ್ಲಿಯೂ ಸಂಜೆಯ ಗಾಳಿ ಹಿತವಾಗಿರುತ್ತಿದ್ದುದರಿಂದ ಇಷ್ಟೇ ಸಾಕಾಗಿತ್ತು. ಬೇಸಗೆಯಲ್ಲಿ ಅಮ್ಮ ಬೆಳಿಗ್ಗೆ ಕಿಟಕಿಗಳನ್ನು ಮುಚ್ಚಿ, ಸಂಜೆ ಕಿಟಕಿ, ಕಿಂಡಿ ಎರಡನ್ನೂ ತೆರೆಯುತ್ತಿದ್ದರು. ಡಿಸೆಂಬರಿನಲ್ಲಿ ಹುರಿ ಎಳೆದು ಕಿಂಡಿಯನ್ನು ಬೆರಳಗಲಕ್ಕೆ ತರುತ್ತಿದ್ದರು. ಪೂರ್ತಿ ಮುಚ್ಚುತ್ತಿರಲಿಲ್ಲ. ಬಾಣಂತಿ ಕೋಣೆಯಲ್ಲಿ ಅಗ್ಗಿಷ್ಟಿಕೆಯ ಕೆಂಡ, ಸಾಂಬ್ರಾಣಿಯ ಹೊಗೆ ಇರುವಾಗಲಂತೂ ಅಜ್ಜಿ ಮೊದಲು ತಲೆಯೆತ್ತಿ ಕಿಂಡಿಯನ್ನು ನೋಡಿ, ಆಮೇಲೆ ಮಗುವನ್ನು ನೋಡುತ್ತಿದ್ದರು. ಬಚ್ಚಲುಮನೆಯಲ್ಲಿ ಹಂಡೆಯ ಒಲೆ. ಅದರ ಮೇಲಿನ ಕಿಂಡಿಗೆ ಬಾಗಿಲೇ ಇರಲಿಲ್ಲ. ಸೌದೆಯ ಹೊಗೆಗೆ ಮಸಿಹಿಡಿದ ಆ ತೂತು ನಮಗೆ ಅವಲಕ್ಷಣವಾಗಿ ಕಾಣುತ್ತಿತ್ತು.

ಸೌದೆಯ ಕಾಲ ಮುಗಿದು ಹಂಡೆ ಅಟ್ಟ ಸೇರಿತು. ಗೋಡೆಯ ಮೇಲೆ ಗ್ಯಾಸ್ ಗೀಸರ್ ಬಂತು. ಒಲೆ ಬದಲಾದರೂ ಕಿಂಡಿ ಹಾಗೆಯೇ ಇತ್ತು. ಅದು ನಮ್ಮನ್ನು ವರ್ಷಗಟ್ಟಲೆ ಕಾಯುತ್ತಿತ್ತೆಂಬುದು ಮಾತ್ರ ನಮಗೆ ತಿಳಿದಿರಲಿಲ್ಲ.

2016ರ ಏಪ್ರಿಲ್ 24ರಂದು ಬೆಂಗಳೂರಿನಲ್ಲಿ 39.2 ಡಿಗ್ರಿ ಬಿಸಿಲು ದಾಖಲಾಯಿತು. ಊರಿನ ದಾಖಲೆಯಲ್ಲಿ ಅದಕ್ಕೆ ಹಿಂದೆ ಅಷ್ಟು ಇರಲಿಲ್ಲ. ಇದೇ ಊರಿನಲ್ಲಿ 1884ರ ಜನವರಿ 13ರಂದು 7.8 ಡಿಗ್ರಿಗೆ ಇಳಿದಿತ್ತೆಂದು ನೆನೆದರೆ ಈ ಊರಿನ ಮನೆ ಎರಡು ಕಾಲಗಳಿಗೂ ಸಿದ್ಧವಾಗಿರಬೇಕೆಂಬುದು ಸ್ಪಷ್ಟವಾಗುತ್ತದೆ. ಆ ಮೇ ತಿಂಗಳಲ್ಲಿ ನಾವೂ ಮಲಗುವ ಕೋಣೆಗೆ ಹವಾನಿಯಂತ್ರಕವನ್ನು ಹಾಕಿಸಿದೆವು. ತಣ್ಣನೆಯ ಗಾಳಿ ಹೊರಗೆ ಸೋರಬಾರದೆಂದು ಆ ಕೋಣೆಯ ಕಿಂಡಿಯನ್ನು ಮುಚ್ಚಿಸಬೇಕಾಯಿತು, ಅದು ನ್ಯಾಯವೇ. ಕೆಲಸದವರು ಬಂದಿದ್ದಾರೆ, ಧೂಳು, ಸೊಳ್ಳೆ, ರಸ್ತೆಯ ಗದ್ದಲ ಎಲ್ಲಕ್ಕೂ ಪರಿಹಾರವಾಗಲೆಂದು ಉಳಿದ ಕಿಂಡಿಗಳನ್ನೂ ಮುಚ್ಚಲು ಹೇಳಿದವನು ನಾನು. ಬಚ್ಚಲಿನ ಮಸಿಕಿಂಡಿಗೆ ಬಿಳಿಯ ಟೈಲ್ಸ್ ಬಂದು ಗೋಡೆ ಅಂದವಾಯಿತು.

ಡಿಸೆಂಬರಿನ ಒಂದು ಬೆಳಿಗ್ಗೆ ನನ್ನ ಪತ್ನಿ ಸ್ನಾನಕ್ಕೆ ಹೋದವಳು ಬಹಳ ಹೊತ್ತಾದರೂ ಬರಲಿಲ್ಲ. ನೀರು ಬೀಳುವ ಸದ್ದಿತ್ತು, ಕರೆದರೆ ಓಗೊಡಲಿಲ್ಲ. ನೆರೆಯ ಹುಡುಗ ಬಂದು ಚಿಲಕ ಮುರಿದ. ಆಕೆ ಬಾಗಿಲ ಹಿಂದೆ ಬಿದ್ದಿದ್ದಳು. ಹೊರಗೆ ತಂದು ಮಲಗಿಸಿ, ಆಸ್ಪತ್ರೆಗೆ ಕರೆದೊಯ್ದು, ಆಮ್ಲಜನಕ ಕೊಡಿಸಿದ ಮೇಲೆ ಮಧ್ಯಾಹ್ನದ ಹೊತ್ತಿಗೆ ಚೇತರಿಸಿಕೊಂಡಳು. ವೈದ್ಯರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: “ಬಚ್ಚಲುಮನೆಗೆ ಕಿಂಡಿ ಇದೆಯೆ, ಸಾರ್?” ಇತ್ತು ಎಂದೆ.

ಅಡುಗೆ ಅನಿಲ ಪೂರ್ತಿ ಉರಿಯಬೇಕಾದರೆ ಒಂದು ಪಾಲಿಗೆ 25ರಿಂದ 30 ಪಾಲು ಗಾಳಿ ಬೇಕು. ಸಾಲದೆ ಹೋದರೆ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತ ಅದನ್ನು ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಸೌದೆಯ ಹೊಗೆ ಕಣ್ಣು ಉರಿಸಿ ಎಚ್ಚರಿಸುತ್ತಿತ್ತು. ಈ ಅನಿಲಕ್ಕೆ ಆ ಸೌಜನ್ಯವಿಲ್ಲ.

ಇದಾದ ಕೆಲವು ವರ್ಷಗಳಿಗೆ ಅಮೆರಿಕದ ಮಿಚಿಗನ್ ಸಂಸ್ಥಾನದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಅದು 1950ರ ದಶಕದ ಮನೆ. ನೆಲಮಾಳಿಗೆಯಲ್ಲಿ ಕುಲುಮೆ, ಅದರಿಂದ ಪ್ರತಿ ಕೋಣೆಗೂ ತಗಡಿನ ಗಾಳಿಗೊಳವೆ, ಅಲ್ಲಿನವರ ಮಾತಿನಲ್ಲಿ ಡಕ್ಟ್. ಆ ದೇಶದಲ್ಲಿ ಮೊದಲು ಕಲ್ಲಿದ್ದಲಿನ ಕುಲುಮೆಯ ಬಿಸಿ ತಾನಾಗಿಯೇ ಕೊಳವೆಯಲ್ಲಿ ಏರುತ್ತಿತ್ತು. 1930ರ ದಶಕದಿಂದ ವಿದ್ಯುತ್ ಬೀಸಣಿಗೆ ಅದನ್ನು ದೂಡತೊಡಗಿತು. ತಂಪಿನ ಯಂತ್ರ ಬಂದದ್ದು ಬೇರೊಂದು ದಾರಿಯಿಂದ. 1902ರಲ್ಲಿ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯದಲ್ಲಿ ಗಾಳಿಯ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂಡುತ್ತಿರಲಿಲ್ಲ. ಅದನ್ನು ಸರಿಪಡಿಸಲೆಂದು ವಿಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರ್ ರೂಪಿಸಿದ ವ್ಯವಸ್ಥೆಯಿಂದ ಆಧುನಿಕ ಹವಾನಿಯಂತ್ರಣ ಬೆಳೆಯಿತು. ಓದುವ ಪುಟ ಚೆನ್ನಾಗಿ ಮೂಡಲೆಂದು ಹುಟ್ಟಿದ್ದು ಕೊನೆಗೆ ಓದುವವರ ಕೋಣೆಗೂ ಬಂತು.

ಮಗಳು ಆ ಕುಲುಮೆಯನ್ನು ತೆಗೆಸಿ, ಒಂದೇ ಯಂತ್ರ ಚಳಿಗಾಲದಲ್ಲಿ ಬಿಸಿಯನ್ನೂ ಬೇಸಗೆಯಲ್ಲಿ ತಂಪನ್ನೂ ಕೊಡುವ ಹೀಟ್ ಪಂಪನ್ನು ಹಾಕಿಸಲು ಹೊರಟಿದ್ದಳು. ಬಂದ ತಂತ್ರಜ್ಞ ಯಂತ್ರದ ಮಾತನ್ನೇ ಎತ್ತಲಿಲ್ಲ. ಮೊದಲ ದಿನವೆಲ್ಲ ಕೊಳವೆಗಳನ್ನು ಅಳೆದ, ಬೀಸಣಿಗೆಯಿಂದ ಗಾಳಿ ತುಂಬಿ ಸಂದುಸಂದಿನಲ್ಲಿ ಸೋರಿಕೆ ಹುಡುಕಿದ. ಇಂಥ ಮನೆಗಳ ಕೊಳವೆಗಳಲ್ಲಿ ಹೋಗುವ ಗಾಳಿಯಲ್ಲಿ ನೂರಕ್ಕೆ 20ರಿಂದ 30 ಪಾಲು ದಾರಿಯಲ್ಲೇ ಸೋರುತ್ತದೆಂದು ಅಲ್ಲಿಯ ಸರ್ಕಾರದ ಎನರ್ಜಿ ಸ್ಟಾರ್ ಯೋಜನೆಯವರ ಅಂದಾಜು. ಕುಲುಮೆಯ ಗಾಳಿ ಕೋಣೆಗಿಂತ 30 ಡಿಗ್ರಿಯಷ್ಟು ಬಿಸಿ. ತಂಪಿನ ಗಾಳಿ ಕೋಣೆಗಿಂತ ಹತ್ತು ಹನ್ನೊಂದು ಡಿಗ್ರಿ ಮಾತ್ರ ತಣ್ಣಗೆ. ಆದ್ದರಿಂದ ತಂಪಿಗೆ ಹೆಚ್ಚು ಗಾಳಿ ಬೇಕು, ಕುಲುಮೆಗೆಂದು ಮಾಡಿದ ಕೊಳವೆ ಇಕ್ಕಟ್ಟಾಗುತ್ತದೆ. ಬಿಸಿ ನೆಲದಿಂದ ಬಂದರೆ ತಾನೇ ಏರುತ್ತದೆ, ತಂಪು ನೆಲದಿಂದ ಬಂದರೆ ನೆಲದಲ್ಲೇ ಮಲಗುತ್ತದೆ. ಬೇಸಗೆಯಲ್ಲಿ ಕೋಣೆಯ ಗಾಳಿಯನ್ನು ಮರಳಿ ಸೆಳೆಯುವ ಬಾಯಿ ಮೇಲಿರಬೇಕು. ತಣ್ಣನೆಯ ತಗಡು ಬೆವರುತ್ತದೆ. ಅದಕ್ಕೆ ಹೊದಿಕೆ ಬೇಕು. ಇಷ್ಟನ್ನು ಸರಿಮಾಡಿದ ಮೇಲೆ ಮೊದಲು ಅಂದುಕೊಂಡದ್ದಕ್ಕಿಂತ ಸಣ್ಣ ಯಂತ್ರವೇ ಸಾಕಾಯಿತು.

“ಅಪ್ಪ, ಯಂತ್ರಕ್ಕಿಂತ ದಾರಿಗೇ ಹೆಚ್ಚು ಖರ್ಚಾಯಿತು ನೋಡಿ” ಎಂದು ಮಗಳು ನಗುತ್ತ ಹೇಳಿದಳು. ಪಕ್ಕದಲ್ಲಿ ಕುಳಿತಿದ್ದ ನನ್ನ ಪತ್ನಿ ಏನೂ ಹೇಳಲಿಲ್ಲ. ನಾನೂ ತಲೆಯೆತ್ತಲಿಲ್ಲ.

ಹಳೆಯದೆಲ್ಲ ಒಳ್ಳೆಯದೆಂದು ಹೇಳಲು ನಾನು ಈ ಕಥೆಯನ್ನು ಹೇಳುತ್ತಿಲ್ಲ. 39 ಡಿಗ್ರಿಯ ಮಧ್ಯಾಹ್ನಕ್ಕೆ ಬೆಳಕಿಂಡಿಯೊಂದೇ ಸಾಲದು. ವಯಸ್ಸಾದವರಿಗೆ ಹವಾನಿಯಂತ್ರಕ ಭೋಗವಸ್ತುವಾಗಿಯೂ ಉಳಿದಿಲ್ಲ. ಆದರೆ ಮನೆಗೆ ಬಿಸಿಯನ್ನೋ ತಂಪನ್ನೋ ಹೊಸದಾಗಿ ತರುವಾಗ, ಮೊದಲೇ ಇದ್ದ ಗಾಳಿಯ ದಾರಿ ಯಾವುದಕ್ಕಾಗಿ ಇತ್ತೆಂದು ಕೇಳದೆ ಅದನ್ನು ಮುಚ್ಚಬಾರದು. ಮಲಗುವ ಕೋಣೆಯ ಕಿಂಡಿಗೂ ಬಚ್ಚಲಿನ ಕಿಂಡಿಗೂ ಆಕಾರ ಒಂದೇ, ಕೆಲಸ ಬೇರೆ. ಆ ವ್ಯತ್ಯಾಸ ಓದುಬರಹವಿಲ್ಲದ ಅಜ್ಜಿಗೆ ಗೊತ್ತಿತ್ತು. ಪುಸ್ತಕಗಳ ನಡುವೆ ಬಾಳಿದ ನನಗೆ ಗೊತ್ತಿರಲಿಲ್ಲ.

ಆ ಡಿಸೆಂಬರಿನಲ್ಲಿಯೇ ಬಚ್ಚಲಿನ ಗೋಡೆಯನ್ನು ಒಡೆಸಿದೆ. ಗೀಸರನ್ನು ಹೊರಗಿನ ಹಿತ್ತಲ ಗೋಡೆಗೆ ಸಾಗಿಸಿ, ಬಿಸಿನೀರು ಮಾತ್ರ ಒಳಗೆ ಬರುವಂತೆ ಮಾಡಿಸಿದೆ. ಗೀಸರು ಹೊರಗೆ ಹೋದ ಮೇಲೆ ಕಿಂಡಿ ಇನ್ನೇಕೆ, ಮತ್ತೆ ಟೈಲ್ಸ್ ಹಾಕಿಬಿಡಲೆ ಎಂದು ಗಾರೆಯವನು ಕೇಳಿದ. ಬೇಡವೆಂದೆ. ಈಗ ಬೆಳಿಗ್ಗೆ ಆ ಕಿಂಡಿಯಿಂದ ಒಂದು ಅಂಗೈಯಗಲದ ಬಿಸಿಲು ನೆಲದ ಮೇಲೆ ಬೀಳುತ್ತದೆ. ನನ್ನ ಪತ್ನಿ ಸ್ನಾನಕ್ಕೆ ಹೋಗುವ ಮುನ್ನ ಒಮ್ಮೆ ತಲೆಯೆತ್ತಿ ಅದನ್ನು ನೋಡಿ, ಆಮೇಲೆ ಬಾಗಿಲು ಹಾಕಿಕೊಳ್ಳುತ್ತಾಳೆ.

(ಬಾನುಲಿ ಭಾಷಣ)