ದ್ರೋಹ ಯಾರಿಗೆ?

2025ರ ಏಪ್ರಿಲ್ ಕೊನೆ. ಕಾಶ್ಮೀರದ ಪಹಲ್ಗಾಮ್‌ನಲ್ಲಿ ಉಗ್ರರ ದಾಳಿ ನಡೆದು ವಾರವಾಗಿತ್ತಷ್ಟೆ. ಯುದ್ಧದ ಅಗತ್ಯವಿಲ್ಲ ಎಂದಿದ್ದ ಮುಖ್ಯಮಂತ್ರಿ ಸಿದ್ದರಾಮಯ್ಯ, ಆ ಮಾತನ್ನು ಪಾಕಿಸ್ತಾನದ ಚಾನೆಲ್ ತೋರಿಸಿ ಇಲ್ಲಿ ಗದ್ದಲವೆದ್ದ ಮೇಲೆ, ಯುದ್ಧ ಕೊನೆಯ ಅಸ್ತ್ರವಾಗಬೇಕು ಎಂದು ವಿವರಣೆ ಕೊಟ್ಟಿದ್ದರು. ಬೆಂಗಳೂರಿನ ವಿಜಯನಗರದ ಮಾರುತಿ ಮಂದಿರದ ಹತ್ತಿರದ ದರ್ಶಿನಿಯಲ್ಲಿ ಹಿರಿಯರೊಬ್ಬರು ಕಾಫಿ ಲೋಟ ಹಿಡಿದು, “ಭದ್ರತೆ ಎಲ್ಲಿ ತಪ್ತು ಅಂತ ಕೇಳೋದು ಬೇಡ್ವಾ?” ಎಂದರು. ಜೊತೆಯವರು ನಕ್ಕರು: “ಸುಮ್ನಿರಿ ಸಾರ್, ಈಗ ಕೇಳಿದ್ರೆ ದೇಶದ್ರೋಹಿ ಅಂತಾರೆ.” ತಮಾಷೆಯೇ. ಆದರೆ ದನಿ ತಗ್ಗಿತ್ತು.

ದ್ರೋಹ ನಮಗೆ ಹೊಸ ಪದವಲ್ಲ. ಹೊಯ್ಸಳ ದೊರೆ ವಿಷ್ಣುವರ್ಧನನ ದಂಡನಾಯಕ ಗಂಗರಾಜನಿಗೆ ‘ದ್ರೋಹಘರಟ್ಟ’ ಎಂಬ ಬಿರುದಿತ್ತು: ದ್ರೋಹಿಗಳನ್ನು ಅರೆದುಹಾಕುವ ಬೀಸುಕಲ್ಲು. ಮಗ ಬೊಪ್ಪ 1133ರಲ್ಲಿ ಹಳೇಬೀಡಿನಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಗೂ ಅದೇ ಹೆಸರು. (ಅಹಿಂಸೆಯ ಗುಡಿಗೆ ಬೀಸುಕಲ್ಲಿನ ಹೆಸರು!) ಸ್ವಾಮಿದ್ರೋಹ, ಮಿತ್ರದ್ರೋಹ, ಗುರುದ್ರೋಹ ಎಂದಾಗ ಯಾರ ಉಪ್ಪುಂಡು ಯಾರಿಗೆ ಎರಡು ಬಗೆದದ್ದು ಎಂಬುದು ಪದದಲ್ಲೇ ತಿಳಿಯುತ್ತಿತ್ತು.

1870ರಲ್ಲಿ ಬ್ರಿಟಿಷರು ದಂಡಸಂಹಿತೆಗೆ 124ಎ ಕಲಂ ಸೇರಿಸಿದರು. ಸರ್ಕಾರದ ಮೇಲೆ ಅಪ್ರೀತಿ ಹುಟ್ಟಿಸುವುದೇ ಅಪರಾಧ. 1908ರಲ್ಲಿ ಟಿಳಕರಿಗೆ ಆರು ವರ್ಷ ಶಿಕ್ಷೆಯಾಗಿದ್ದು ಇದರಡಿ. ಕನ್ನಡ ಅದನ್ನು ರಾಜದ್ರೋಹ ಎಂದಿತು. ನೆಟ್ಟಗಿನ ಪದ. ರಾಜರು ಹೋದ ಮೇಲೆ ಪತ್ರಿಕೆಗಳ ತಲೆಬರಹದಲ್ಲಿ ಅದು ದೇಶದ್ರೋಹವಾಯಿತು. ಕಲಮಿನಲ್ಲಿ ಇದ್ದದ್ದು ಮಾತ್ರ ಸರ್ಕಾರವೇ. ಹೀಗೆ ಸದ್ದಿಲ್ಲದೆ ಸರ್ಕಾರ ದೇಶದ ಅಂಗಿ ತೊಟ್ಟಿತು. 2020ರಲ್ಲಿ ಬೀದರಿನ ಶಾಲೆಯೊಂದರ ಮಕ್ಕಳ ನಾಟಕದ ಮೇಲೂ ಇದೇ ಕಲಂ ಬಿತ್ತು. 2023ರಲ್ಲಿ ಹೈಕೋರ್ಟ್ ಪ್ರಕರಣ ರದ್ದುಮಾಡಿತು. 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 124ಎ ಇಲ್ಲ. ಅದರ ಜಾಗದ 152ನೇ ಕಲಮಿನಲ್ಲಿ ದೇಶದ ಸಾರ್ವಭೌಮತೆ, ಏಕತೆ, ಅಖಂಡತೆಯ ಮಾತಿದೆ. ತಲೆಬರಹದ ಪದವೇ ಗೆದ್ದಿತು.

ಯುದ್ಧದ ಹೊತ್ತಿಗೆ ಪ್ರಶ್ನೆ ಸಲ್ಲದು ಎನ್ನುವವರಿಗೆ 1962 ನೆನಪಿಲ್ಲ. ಚೀನಾ ಸೇನೆ ಒಳನುಗ್ಗಿದ್ದಾಗಲೇ ನವೆಂಬರಿನಲ್ಲಿ ಸಂಸತ್ತು ಸೇರಿತು. ಗುಟ್ಟಿನ ಅಧಿವೇಶನ ಬೇಡವೆಂದರು ನೆಹರೂ. ಸ್ವಪಕ್ಷದವರೂ ರಾಜೀನಾಮೆಗೆ ಪಟ್ಟು ಹಿಡಿದಿದ್ದರಿಂದ ರಕ್ಷಣಾ ಸಚಿವ ಕೃಷ್ಣ ಮೆನನ್ ಅಷ್ಟರಲ್ಲಿ ಸಂಪುಟ ಬಿಟ್ಟಾಗಿತ್ತು. (ಚೀನೀ ಮೂಲದ ನಮ್ಮವರನ್ನೇ ಆಗ ರಾಜಸ್ಥಾನದ ದೇವಳಿಯ ಶಿಬಿರಕ್ಕೆ ತುಂಬಿದ್ದೂ ನಿಜ, ಆ ಕಾಲಕ್ಕೂ ಎರಡು ಮುಖ.)

ವಿಜಯನಗರದ ಆ ಹಿರಿಯರ ಪ್ರಶ್ನೆಯನ್ನು 2025ರ ಜುಲೈ 28ರಂದು ಲೋಕಸಭೆಯಲ್ಲಿ ಸದಸ್ಯರು ಗಟ್ಟಿ ದನಿಯಲ್ಲೇ ಕೇಳಿದರು.